ಬೆಳ್ಳಿ ಕಾಯಿಸಿದ ಬೋಟು

ನನ್ನ ಕೈಯಿಂದ ಬಂದ ಫಿಲ್ಮನ್ನು ಕಣ್ಣು ಮುಚ್ಚಿಕೊಂಡು ಅಳತೆಗೆ ಇಡಬಹುದು ಎಂದು ನಮ್ಮ ಪ್ರೊಫೆಸರ್ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು. ವರ್ಷಗಟ್ಟಲೆ ಆ ಮಾತು ಕೇಳಿ ಕೇಳಿ ನನಗೆ ಕೊಂಚ ಜಂಭ ಬಂದಿತ್ತು. ಕೊಂಚ ಏನು ಬಂತು, ಸುಳ್ಳು ಯಾಕೆ ಹೇಳಲಿ, ಮೈತುಂಬ ಬಂದಿತ್ತು. ಡೆಲ್ಲಿಯ ಹೌಜ್ ಖಾಸ್ ಹತ್ತಿರದ ಒಂದು ಇಂಜಿನಿಯರಿಂಗ್ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಗಾಜಿನ ಪುಟ್ಟ ಬಿಲ್ಲೆಯ ಮೇಲೆ ಬೇರೊಂದು ಗಾಜನ್ನು ಕೂದಲೆಳೆಗಿಂತ ಎಷ್ಟೋ ಪಾಲು ತೆಳ್ಳಗೆ ಹಚ್ಚಿಕೊಡುವುದು ನನ್ನ ಕೆಲಸ. ಆ ತೆಳು ಪದರಕ್ಕೆ ನಾವು ಫಿಲ್ಮ್ ಎನ್ನುತ್ತೇವೆ.

ಹಚ್ಚುವ ಆ ಗಾಜು ಕಿಟಕಿಯ ಗಾಜಲ್ಲ. ಸೆಲೆನಿಯಂ, ಟೆಲ್ಯೂರಿಯಂ, ಜರ್ಮೇನಿಯಂ ಇವನ್ನು ತೂಗಿ, ಗಾಳಿ ತೆಗೆದ ಕೊಳವೆಯೊಳಗೆ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ಬಿಸಿಯಿರುವಾಗಲೇ ಐಸ್ ನೀರಿಗೆ ಅದ್ದಿದರೆ ಕಪ್ಪಗೆ ಹೊಳೆಯುವ ಒಂದು ಗಟ್ಟಿ ಸಿಗುತ್ತದೆ. ಚಾಲ್ಕೊಜೆನೈಡ್ ಗಾಜು ಎಂದು ಅದರ ಹೆಸರು. ಲೋಹದಲ್ಲಿ ಪರಮಾಣುಗಳು ಸಾಲಾಗಿ ನಿಂತಿರುತ್ತವಂತೆ, ಇದರಲ್ಲಿ ಸಾಲೂ ಇಲ್ಲ ಶಿಸ್ತೂ ಇಲ್ಲ. ಹಾಗಾಗಿ ಕರೆಂಟು ತಂತಿಯಲ್ಲಿ ಹರಿದ ಹಾಗೆ ಇದರಲ್ಲಿ ಹರಿಯುವುದಿಲ್ಲ. ಒಂದು ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ, ಕೊಂಚ ಶಾಖ ತಗುಲಿದಾಗ ಎದ್ದು ಇನ್ನೊಂದು ಗುಂಡಿಗೆ ಹಾರುತ್ತದೆ. ನಮ್ಮಪ್ಪ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದವರು. ಹಿಂದೊಮ್ಮೆ ಅವರಿಗೆ ಇದನ್ನು ವಿವರಿಸಿದಾಗ, “ನಮ್ಮ ಮಿನಿಸ್ಟ್ರಿ ಫೈಲ್ ಥರಾ ಅನ್ನು” ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದ್ದರು. ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ವ್ಯಾಕ್ಯೂಮ್ ಪಂಪು ಹಟ ಹಿಡಿದು ಕೂತಿತ್ತು. ಪಂಪಿಗೆ ಬೈಯುವಾಗ ನಾನು ಕನ್ನಡದಲ್ಲೇ ಬೈಯುವುದು. ಸುತ್ತ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ. “ಹಾಳಾದ್ದೇ, ಇವತ್ತೂ ಕೈಕೊಟ್ಯಾ?” ಅಂದೆ.

“ಆಯಿಲ್ ಕಮ್ಮಿ ಆಗಿರಬಹುದಾ ಸರ್?” ಎಂದು ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದರೆ ಬೆನ್ನಿಗೆ ಚೀಲ ಹಾಕಿಕೊಂಡ ಸಣಕಲು ಹುಡುಗಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ತುಮಕೂರಿನವಳು. ಅದೇ ವಾರ ಪಿಎಚ್‌ಡಿಗೆ ಸೇರಿದ್ದಳು. ಮುನಿರ್ಕಾದಲ್ಲಿ ನಾಲ್ಕನೇ ಮಹಡಿಯ ಮೇಲೊಂದು ರೂಮು, ಕಿಟಕಿ ತೆಗೆದರೆ ಎದುರು ಮನೆಯವರ ಒಗ್ಗರಣೆ ಇವಳ ಮೂಗಿಗೆ. ನೋಡಿದರೆ ಆಯಿಲ್ ನಿಜವಾಗಿಯೂ ಕಮ್ಮಿಯಾಗಿತ್ತು. “ಸರ್ ಅನ್ನಬೇಡಮ್ಮಾ, ಆ ಹೆಸರಿನವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ” ಎಂದೆ. ಆವತ್ತಿನಿಂದ ನಾನು ಅಂಕಲ್ ಆದೆ.

ಅವಳು ಬಂದ ಮೇಲೆ ಲ್ಯಾಬಿನಲ್ಲಿ ನನಗೆ ಮಾತು ಬಂತು ಅನ್ನಬೇಕು. ಇಡೀ ದಿನ ‘ಹಾಂ ಜೀ’, ‘ಹೋ ಜಾಯೇಗಾ’ ಎಂದು ಕಳೆಯುತ್ತಿದ್ದವನಿಗೆ ಊಟದ ಹೊತ್ತಿನಲ್ಲಿ ಕನ್ನಡ ಆಡುವ ಒಂದು ಜೀವ ಸಿಕ್ಕಿತ್ತು. ನನ್ನ ಹೆಂಡತಿಗೆ ಸರ್ಕಾರಿ ನೌಕರಿ, ಅವಳಿಗೆ ಸಿಕ್ಕ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ತಿಂಗಳಿಗೆರಡು ಭಾನುವಾರ ಈ ಹುಡುಗಿ ಅಲ್ಲಿಗೆ ಬಂದು ಅಡುಗೆಮನೆಯಲ್ಲೇ ನೆಲದ ಮೇಲೆ ಕೂತು ಸಾರು ಅನ್ನ ಉಣ್ಣುತ್ತಿದ್ದಳು. ನನ್ನ ಮಗಳು ಡೆಲ್ಲಿಯಲ್ಲೇ ಹುಟ್ಟಿದವಳು, ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಹೆಚ್ಚುಕಮ್ಮಿ ಹಿಂದಿಯಲ್ಲಿ. “ಅಕ್ಕಾ, ಔರ್ ಥೋಡಾ ಹಾಕಲಾ?” ಎಂದು ಅವಳು ಕೇಳಿದರೆ ಇವಳು, “ಹಾಕು ಮಹಾರಾಯ್ತಿ, ಹುಳಿ ಎಲ್ಲಾ ನೀನೇ ಖಾಲಿ ಮಾಡಬೇಡ” ಎಂದು ರೇಗಿಸುತ್ತಿದ್ದಳು. ಮನೆ ತುಂಬಿದ ಹಾಗಿರುತ್ತಿತ್ತು.

ಅವಳ ಕೆಲಸ ಇಷ್ಟು. ನಾಲ್ಕು ಬಗೆಯ ಗಾಜು, ಒಂದರಿಂದ ಒಂದಕ್ಕೆ ಜರ್ಮೇನಿಯಂ ಕೊಂಚ ಕೊಂಚ ಹೆಚ್ಚು. ನಾಲ್ಕರ ಫಿಲ್ಮುಗಳನ್ನೂ ನಾನು ಮಾಡಿಕೊಡಬೇಕು, ಅವಳು ಕತ್ತಲೆಯಲ್ಲಿಟ್ಟು ನಿಧಾನವಾಗಿ ಕಾಯಿಸುತ್ತ ಎಷ್ಟು ಕರೆಂಟು ಹಾದುಹೋಗುತ್ತದೆ ಎಂದು ಬರೆದುಕೊಳ್ಳಬೇಕು. ಹಾದುಹೋಗುವುದು ಎಂದರೆ ಏನೂ ಇಲ್ಲದಷ್ಟು ಕಮ್ಮಿ. ಬಾಗಿಲು ಜೋರಾಗಿ ಹಾಕಿದರೂ ಮೀಟರಿನ ಅಂಕಿ ನಡುಗುತ್ತದೆ. ಅವಳು ಅಳತೆಗೆ ಕೂತಾಗ ನಾನು ಚಪ್ಪಲಿ ಬಿಟ್ಟು ಓಡಾಡುತ್ತಿದ್ದೆ.

ಫಿಲ್ಮ್ ಮಾಡುವ ಕ್ರಮವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ಮಾಲಿಬ್ಡಿನಂ ತಗಡಿನ ಒಂದು ಪುಟ್ಟ ದೊನ್ನೆ ಇರುತ್ತದೆ, ಅದನ್ನು ಬೋಟ್ ಎನ್ನುತ್ತೇವೆ. ಗಾಜಿನ ಚೂರನ್ನು ಬೋಟಿನಲ್ಲಿಟ್ಟು, ಗಾಳಿಯೆಲ್ಲ ಎಳೆದು, ಬೋಟಿಗೆ ಕರೆಂಟು ಕೊಟ್ಟು ಕಾಯಿಸಿದರೆ ಗಾಜು ಆವಿಯಾಗಿ ಮೇಲಿನ ಬಿಲ್ಲೆಗೆ ಅಂಟುತ್ತದೆ. ಒಂದು ಬಗೆಯ ಗಾಜಿಗೆ ಒಂದು ಹೊಸ ಬೋಟು. ಇದು ನಾನೇ ಹಾಕಿದ ಕಟ್ಟಳೆ. ಬೇರೆ ಕೆಲಸಗಳಿಗೆ ಬೆಳ್ಳಿ ಕಾಯಿಸುವ ಬೋಟಂತೂ ಬೇರೆ ಡಬ್ಬಿಯಲ್ಲಿ ಬೇರೆ ಕಪಾಟಿನಲ್ಲಿ. ಯಾಕೆಂದರೆ ಈ ಗಾಜಿಗೆ ಬೆಳ್ಳಿ ಕಂಡರೆ ಆಗುವಷ್ಟು ಆಸೆ ಇನ್ಯಾವುದರ ಮೇಲೂ ಇಲ್ಲ. ಒಂದು ಚಿಟಿಕೆ ಸಿಕ್ಕರೆ ಸಾಕು, ಒಳಗೆ ಎಳೆದುಕೊಂಡುಬಿಡುತ್ತದೆ. ಆಮೇಲೆ ಅದರ ಗುಣವೇ ಬೇರೆ. ಈ ಪಾಠವನ್ನು ಎಷ್ಟು ಜನ ಸ್ಕಾಲರುಗಳಿಗೆ ಬೈದು ಬೈದು ಕಲಿಸಿದ್ದೇನೋ ನನಗೇ ಲೆಕ್ಕವಿಲ್ಲ.

ಮೂರು ಬಗೆಯ ಫಿಲ್ಮು ಆಗಿತ್ತು. ನಾಲ್ಕನೆಯದಕ್ಕೆ ಹೊಸ ಬೋಟು ಇರಲಿಲ್ಲ. ತರಿಸಲು ಕಾಗದ ಕಳಿಸಿ ಎರಡು ತಿಂಗಳಾಗಿತ್ತು, ಆಫೀಸಿನಲ್ಲಿ ಅದು ಯಾವ ಮೇಜಿನ ಮೇಲಿತ್ತೋ. ಸೋಮವಾರ ಅವಳಿಗೆ ಅಳತೆಯ ಸರದಿ, ತಪ್ಪಿದರೆ ಇನ್ನು ಮೂರು ವಾರ ಕಾಯಬೇಕು. ಶುಕ್ರವಾರ ಮಧ್ಯಾಹ್ನ ಸಪ್ಪೆ ಮುಖ ಮಾಡಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದಳು.

“ಏನು ಮಾಡೋದು ಅಂಕಲ್ ಈಗ?”

“ನಾನಿದ್ದೀನಲ್ಲ, ಬಿಡಮ್ಮಾ” ಅಂದೆ. ಹಾಗಂದು ಆ ಇನ್ನೊಂದು ಕಪಾಟು ತೆಗೆದು ಬೆಳ್ಳಿಯ ಬೋಟನ್ನು ಹೊರತೆಗೆದೆ.

ಖಾಲಿ ಬೋಟನ್ನು ಬೆಳ್ಳಗೆ ಉರಿಯುವ ತನಕ ಕಾಯಿಸಿದರೆ ಅಂಟಿಕೊಂಡದ್ದೆಲ್ಲ ಹಾರಿಹೋಗುತ್ತದೆ. ಬೇರೆಯವರು ಹಾಗೆ ಮಾಡಿದರೆ ನಾನು ಒಪ್ಪುತ್ತಿರಲಿಲ್ಲ. ನಾನು ಮಾಡಿದರೆ ಸರಿಯಾಗಿರುತ್ತದೆ ಎಂದುಕೊಂಡೆ. ನನ್ನ ಕೈ ಅಲ್ಲವೇ! ಒಂದಷ್ಟು ಹೊತ್ತು ಉರಿಸಿದೆ, ಆರಲು ಬಿಟ್ಟೆ, ಅವಳ ಗಾಜನ್ನು ಇಟ್ಟೆ. ಫಿಲ್ಮು ಕನ್ನಡಿಯ ಹಾಗೆ ಬಂತು. ಲಾಗ್‌ಬುಕ್ಕಿನಲ್ಲಿ ಪ್ರತಿ ಸಲ ಬರೆಯುವಂತೆ ‘ಹೊಸ ಬೋಟ್’ ಎಂದೇ ಬರೆದೆ. ಮೋಸ ಮಾಡಬೇಕೆಂದು ಬರೆದದ್ದಲ್ಲ, ಕೈ ತನ್ನಷ್ಟಕ್ಕೆ ತಾನೇ ಬರೆಯಿತು. ಹಾಗಂತ ಈಗ ಹೇಳಿದರೆ ಯಾರು ನಂಬುತ್ತಾರೆ?

ಮುಂದಿನ ವಾರ ಅವಳು ಹಾರಿಕೊಂಡು ಬಂದಳು. ನಾಲ್ಕನೇ ಫಿಲ್ಮಿನಲ್ಲಿ ಉಳಿದ ಮೂರಕ್ಕಿಂತ ನೂರು ಪಟ್ಟು ಹೆಚ್ಚು ಕರೆಂಟು. ಅಂಥದ್ದು ಯಾರೂ ಬರೆದಿಲ್ಲ, ಯಾರೂ ಕಂಡಿಲ್ಲ. ಎಲೆಕ್ಟ್ರಾನುಗಳಿಗೆ ಅಲ್ಲಿ ಏನೋ ಒಂದು ಹೊಸ ದಾರಿ ಸಿಕ್ಕಿದೆ ಎಂದು ಪ್ರೊಫೆಸರ್ ಬೋರ್ಡಿನ ಮೇಲೆ ಬರೆದದ್ದೇ ಬರೆದದ್ದು. ಲ್ಯಾಬಿನವರಿಗೆಲ್ಲ ಸಮೋಸಾ ತರಿಸಿದರು. ಅವಳ ಥೀಸಿಸ್ಸಿನ ದೊಡ್ಡ ಅಧ್ಯಾಯ ಅದೇ ಆಯಿತು. ಒಂದು ಸಮ್ಮೇಳನಕ್ಕೆ ಹೋಗಿ ಅದನ್ನೇ ಓದಿ ಬಂದಳು. “ಅಮ್ಮನಿಗೆ ಫೋನ್ ಮಾಡಿ ಹೇಳಿದೆ ಅಂಕಲ್, ಅವಳಿಗೆ ಏನೂ ಅರ್ಥ ಆಗ್ಲಿಲ್ಲ, ಆದ್ರೂ ಅತ್ತುಬಿಟ್ಲು” ಅಂದಳು.

ವರ್ಷದ ಮೇಲೆ ಎಲ್ಲಿಂದಲೋ ಒಂದು ಪತ್ರ ಬಂತು. ಬೇರೆ ಲ್ಯಾಬಿನವರು ಅದೇ ಗಾಜು ಮಾಡಿ ನೋಡಿದ್ದರು, ಹಾಗೇನೂ ಕಾಣಿಸಲಿಲ್ಲ ಎಂದು ಬರೆದಿದ್ದರು. ಸರಿ, ಇನ್ನೊಂದು ಸಲ ಮಾಡೋಣ ಎಂದರು ಪ್ರೊಫೆಸರ್. ಅಷ್ಟರಲ್ಲಿ ಹೊಸ ಬೋಟುಗಳು ಬಂದಿದ್ದವು. ಮಾಡಿಕೊಟ್ಟೆ. ಕರೆಂಟು ಇಲ್ಲ. ಮತ್ತೆ ಮಾಡಿಕೊಟ್ಟೆ. ಇಲ್ಲ. ಐದು ಸಲ ಮಾಡಿದರೂ ಉಳಿದ ಮೂರರ ಹಾಗೆ ಇದೂ ಸುಮ್ಮನೆ ಮಲಗಿತ್ತು. ಅವಳು ಮೀಟರ್ ಬದಲಿಸಿದಳು, ತಂತಿ ಬದಲಿಸಿದಳು, ಊಟ ಬಿಟ್ಟಳು. ಕಣ್ಣ ಸುತ್ತ ಕಪ್ಪಾಯಿತು.

ನನಗೆ ಆಗಲೂ ಹೊಳೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೊಳೆಯಲಿಲ್ಲ. ಆಮೇಲೊಂದು ದಿನ ಬೇರೊಬ್ಬ ಸ್ಕಾಲರಿಗೆ ಬೆಳ್ಳಿ ಹಚ್ಚಿಕೊಡಬೇಕಿತ್ತು. ಆ ಶುಕ್ರವಾರದ ಮೇಲೆ ಬೆಳ್ಳಿಯ ಕೆಲಸ ಬಂದದ್ದು ಅದೇ ಮೊದಲು. ಕಪಾಟು ತೆಗೆದು ಬೋಟನ್ನು ಬೆಳಕಿಗೆ ಹಿಡಿದೆ. ಅದರ ಮೂಲೆಯ ಮಡಿಕೆಯಲ್ಲಿ ಸಾಸಿವೆಯಷ್ಟು ಕಪ್ಪು ಗಾಜು ಅಂಟಿಕೊಂಡಿತ್ತು. ಪಕ್ಕದಲ್ಲೇ ಬೆಳ್ಳಿಯ ಬಿಳಿ ಕಲೆ. ಅವಳ ನಾಲ್ಕನೇ ಫಿಲ್ಮಿನಲ್ಲಿ ಹರಿದದ್ದು ಬೆಳ್ಳಿಯ ಕರೆಂಟು. ಹೊಸ ದಾರಿಯೂ ಇಲ್ಲ, ಮಣ್ಣೂ ಇಲ್ಲ.

ಅಲ್ಲಿಂದ ಪ್ರೊಫೆಸರ ಕೋಣೆಗೆ ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಆ ಬೋಟನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಸದ ಡಬ್ಬಿಗೆ ಹಾಕಿ, ಮೇಲೆ ಚಹಾದ ಕಾಗದದ ಲೋಟಗಳನ್ನು ತಳ್ಳಿದೆ. ಆ ಸ್ಕಾಲರಿಗೆ, “ಬೋಟ್ ಮುರಿದುಹೋಯ್ತು, ನಾಳೆ ಬಾ” ಎಂದು ಹಿಂದಿಯಲ್ಲಿ ಹೇಳಿ ಕಳಿಸಿದೆ. ಥೂ! ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆ ಆಗುತ್ತದೆ.

ಯಾಕೆ ಹಾಗೆ ಮಾಡಿದೆ ಎಂದರೆ, ನೌಕರಿ ಹೋಗುತ್ತದೆ ಎಂಬ ಭಯಕ್ಕಲ್ಲ. ಯಾರೂ ನನ್ನನ್ನು ಮನೆಗೆ ಕಳಿಸುತ್ತಿರಲಿಲ್ಲ. ಹೆಚ್ಚೆಂದರೆ ಪ್ರೊಫೆಸರ್ ಲಾಗ್‌ಬುಕ್ ಮುಚ್ಚಿಟ್ಟು ‘ಅಚ್ಛಾ’ ಎನ್ನುತ್ತಿದ್ದರು. ಆ ಒಂದು ‘ಅಚ್ಛಾ’ ಕೇಳುವ ಧೈರ್ಯ ನನಗಿರಲಿಲ್ಲ. ಇವನ ಕೈಯೂ ತಪ್ಪುತ್ತದೆ ಎಂದು ಅವರ ಮುಖದಲ್ಲಿ ಕಾಣಿಸುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ.

ಆ ನಾಳೆ ಬರುವ ಮೊದಲೇ ಪ್ರೊಫೆಸರ್ ಅವಳನ್ನೂ ನನ್ನನ್ನೂ ಕರೆಸಿದರು. ಮೇಜಿನ ಮೇಲೆ ನನ್ನ ಲಾಗ್‌ಬುಕ್ ತೆರೆದಿತ್ತು. ಅವಳನ್ನೇ ನೋಡುತ್ತ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ಫಿಲ್ಮಿನ ಮೇಲೆ ಸಂಶಯ ಬೇಡ, ಅದು ಇವರು ಮಾಡಿದ್ದು, ಬೋಟು ಹೊಸದು, ಇಲ್ಲಿ ಬರೆದಿದೆ. ಇನ್ನು ಉಳಿದದ್ದು ನಿನ್ನ ಅಳತೆ. ಆ ಅಂಕಿಗಳು ಎಲ್ಲಿಂದ ಬಂದವು?

ಅವಳ ಮುಖ ಬಿಳಿಚಿಕೊಂಡಿತು. “ಸರ್, ಮೀಟರ್ ತೋರಿಸಿದ್ದನ್ನೇ ಬರೆದಿದ್ದೇನೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಸುಳ್ಳು ಹೇಳಲಿಲ್ಲ ನಾನು, ನನ್ನನ್ನು ಯಾರೂ ಏನೂ ಕೇಳಲೇ ಇಲ್ಲ. ಬಹಳ ದಿನ ಇದನ್ನೇ ಸಮಾಧಾನ ಮಾಡಿಕೊಂಡಿದ್ದೆ.

ಕಾರಿಡಾರಿನಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ಡೇಟಾ ‘ಬನಾಯಾ’ ಎಂದರು ಕೆಲವರು, ನಗುತ್ತಲೇ. ಬನಾಯಾ ಎಂದರೆ ತಾನೇ ಕೂತು ಹುಟ್ಟಿಸಿದ್ದು. ಸಂಶೋಧನೆ ಮಾಡುವವರಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಅಧ್ಯಾಯ ಕಿತ್ತುಹಾಕಿ ಮೊದಲಿನಿಂದ ಶುರುಮಾಡು ಎಂದರು ಪ್ರೊಫೆಸರ್. ಪಿಎಚ್‌ಡಿಯ ಅವಧಿ ಹೆಚ್ಚಿಸಿಕೊಡುವ ಅರ್ಜಿಗೆ ಮಾತ್ರ ಸಹಿ ಹಾಕದೆ ಇಟ್ಟುಕೊಂಡರು. ಅವಳು ನನ್ನ ಜೊತೆ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಭಾನುವಾರವೂ ಬರಲಿಲ್ಲ. ಮಗಳು, “ಅಕ್ಕಾ ಕ್ಯೂಂ ನಹೀ ಆತೀ?” ಎಂದು ಕೇಳಿದಾಗಲೆಲ್ಲ, “ಓದ್ತಿದ್ದಾಳೆ, ತೊಂದರೆ ಕೊಡಬಾರದು” ಎನ್ನುತ್ತಿದ್ದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳು, ಏನೋ ಇದೆ ಎಂದು ಅವಳಿಗೆ ತಿಳಿಯದೇ ಇರುತ್ತದೆಯೇ? ಕೇಳಲಿಲ್ಲ.

ಹೀಗೇ ಸುಮಾರು ಎರಡು ತಿಂಗಳು ಹೋಯಿತು. ದಿನಾ ಬೆಳಿಗ್ಗೆ ಸ್ನಾನ ಮಾಡುವಾಗ ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬಸ್ಸು ಇಳಿಯುವ ಹೊತ್ತಿಗೆ ಧೈರ್ಯ ಸೋರಿಹೋಗುತ್ತಿತ್ತು. ಒಂದು ಗುರುವಾರ ಲ್ಯಾಬಿಗೆ ಬಂದರೆ ಅವಳ ಮೇಜಿನ ಮೇಲೆ ಬೇರೆ ಯಾರದೋ ಲ್ಯಾಪ್‌ಟಾಪು, ಬೇರೆ ಯಾರದೋ ನೀರಿನ ಬಾಟಲಿ. ಗೋಡೆಗೆ ಅಂಟಿಸಿದ್ದ ಸರದಿ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು. ನಾನು ಚೀಲವನ್ನೂ ಕೆಳಗಿಡದೆ ನೇರ ಪ್ರೊಫೆಸರ ಕೋಣೆಗೆ ಹೋದೆ. ಬೋಟಿನ ವಿಷಯ, ಲಾಗ್‌ಬುಕ್ಕಿನ ವಿಷಯ, ಕಸದ ಡಬ್ಬಿಯ ವಿಷಯ, ಎಲ್ಲ ನಿಂತುಕೊಂಡೇ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. “ಮಂಗಳವಾರವೇ ಪಿಎಚ್‌ಡಿ ಬಿಟ್ಟುಹೋಗುವ ಕಾಗದಕ್ಕೆ ಸಹಿ ಮಾಡಿಕೊಟ್ಟಳು. ನಾನೂ ಮಾಡಿದೆ” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ನಾನು ಅವಳಿಗೆ ಏನೇನೋ ಅಂದೆ” ಎಂದರು. ಡೀನ್‌ಗೆ ತಾನೇ ಬರೆಯುತ್ತೇನೆ, ಆ ಕಾಗದ ರದ್ದಾಗಬಹುದು, ಮೊದಲು ನೀವು ಹೋಗಿ ಅವಳಿಗೆ ಹೇಳಿ ಎಂದು ಕಳಿಸಿದರು.

ಮುನಿರ್ಕಾದ ಗಲ್ಲಿಗಳಲ್ಲಿ ಆಟೋ ಹೋಗುವುದಿಲ್ಲ. ತಲೆಯ ಮೇಲೆ ತಂತಿಗಳ ಗೋಜಲು, ಕಾಲಡಿ ಚರಂಡಿಯ ಕಲ್ಲು, ತರಕಾರಿ ಗಾಡಿಗಳ ನಡುವೆ ನುಗ್ಗಿಕೊಂಡು ಹೆಚ್ಚುಕಮ್ಮಿ ಓಡುತ್ತ ಹೋದೆ. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟಿತ್ತು. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಹಾಸಿಗೆ ಇರಲಿಲ್ಲ, ಎರಡು ರಟ್ಟಿನ ಡಬ್ಬಿ ಕಟ್ಟಿ ಮುಗಿದಿತ್ತು, ಮೂರನೆಯದಕ್ಕೆ ಪುಸ್ತಕ ತುಂಬುತ್ತಿದ್ದಳು.

“ಬನ್ನಿ ಅಂಕಲ್, ಕೂತ್ಕೊಳ್ಳಿ. ಸಂಜೆ ಟ್ರೈನು” ಎಂದಳು. ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು.

ನೀರು ಕುಡಿಯದೆ ಎಲ್ಲ ಹೇಳಿದೆ. ಹೇಳುತ್ತ ಅತ್ತೆ, ನಾಚಿಕೆ ಆಗಲಿಲ್ಲ. ಪ್ರೊಫೆಸರ್ ಬರೆಯುತ್ತಾರಂತೆ, ವಾಪಸ್ ಬಾ ತಾಯಿ, ನಾನೇ ಎಲ್ಲರೆದುರು ನಿಂತು ಹೇಳುತ್ತೇನೆ ಎಂದೆ. ಅವಳಿಗೆ ಆಶ್ಚರ್ಯ ಆಗುತ್ತದೆ, ಸಿಟ್ಟು ಬರುತ್ತದೆ, ಕೂಗಾಡುತ್ತಾಳೆ ಎಂದುಕೊಂಡು ಬಂದಿದ್ದೆ. ಅವಳು ಒಂದು ಪುಸ್ತಕವನ್ನು ಡಬ್ಬಿಯಲ್ಲಿ ಅಡ್ಡಡ್ಡ ಇಟ್ಟು, ತೆಗೆದು, ಉದ್ದುದ್ದ ಇಟ್ಟಳು.

“ಗೊತ್ತಿತ್ತು ಅಂಕಲ್” ಅಂದಳು.

“ಏನು ಗೊತ್ತಿತ್ತು?”

“ಆ ಹಳೇ ಫಿಲ್ಮನ್ನ ಬೇರೆ ಲ್ಯಾಬಿಗೆ ತಗೊಂಡು ಹೋಗಿ, ಅದರೊಳಗೆ ಏನೇನಿದೆ ಅಂತ ಮೆಷೀನಿಗೆ ಹಾಕಿಸಿದ್ದೆ. ಬೆಳ್ಳಿ ಬಂತು. ಆ ಶುಕ್ರವಾರ ನಾನು ನಿಮ್ಮ ಪಕ್ಕದಲ್ಲೇ ಇದ್ನಲ್ಲ, ನೀವು ಯಾವ ಕಪಾಟು ತೆಗೆದ್ರಿ ಅಂತ ಆಗ ನೆನಪಾಯ್ತು.”

“ಅಯ್ಯೋ, ಮತ್ತೆ ಯಾಕಮ್ಮಾ ಸುಮ್ಮನಿದ್ದೆ? ಆ ರಿಪೋರ್ಟನ್ನ ಸರ್ ಮುಖಕ್ಕೆ ಹಿಡಿಯೋದಲ್ವಾ?”

“ಫಿಲ್ಮಿನ ಪಕ್ಕದಲ್ಲಿ ತಂತಿ ಅಂಟಿಸೋದು ಬೆಳ್ಳಿ ಪೇಸ್ಟಲ್ಲಿ. ಅಂಟಿಸೋಳು ನಾನು. ಬೆಳ್ಳಿ ಇದೆ ಅಂದ್ರೆ ನೀನೇ ಬಳಿದುಕೊಂಡಿದ್ದೀಯ ಅಂತಾರೆ. ಬುಕ್ಕಲ್ಲಿ ಹೊಸ ಬೋಟು ಅಂತ ಬರ್ದಿದೆ. ಅಂಕಲ್ ತಪ್ಪು ಮಾಡಿದ್ರು ಅಂತ ನಾನಂದ್ರೆ ಯಾರು ನಂಬ್ತಾರೆ? ನೀವು ಹೇಳಿದ್ರೆ ಮಾತ್ರ ನಂಬೋರು.”

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

“ಎರಡು ತಿಂಗಳು ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನಾನಾಗೇ ನಿಮ್ಮನ್ನ ಕೇಳೋಕೆ ಎಷ್ಟೋ ಸಲ ಬಂದೆ, ನಿಮ್ಮ ಮೆಷೀನ್ ತನಕ ಬಂದು ವಾಪಸ್ ಹೋದೆ. ಭಯ ಆಗ್ತಿತ್ತು. ನಾನು ಕೇಳಿ, ನೀವು ‘ಇಲ್ಲ’ ಅಂದುಬಿಟ್ರೆ? ಪಿಎಚ್‌ಡಿ ಹೋದ್ರೆ ಹೋಯ್ತು ಅಂದ್ಕೊಬಹುದು. ಈ ಊರಲ್ಲಿ ನನಗೆ ಇದ್ದದ್ದು ನಿಮ್ಮ ಮನೆ ಒಂದೇ.”

ವಾಪಸ್ ಬರುವುದಿಲ್ಲ ಎಂದಳು. ತುಮಕೂರಿನಲ್ಲಿ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಒಪ್ಪಿಕೊಂಡಾಗಿತ್ತು. ಆ ಕಾರಿಡಾರಿನಲ್ಲಿ ಇನ್ನೊಂದು ಸಲ ನಡೆಯುವ ಶಕ್ತಿ ತನಗಿಲ್ಲ, ಹೆಸರು ಸರಿಹೋದರೆ ಅಷ್ಟು ಸಾಕು ಎಂದಳು. ಡಬ್ಬಿಗಳನ್ನು ನಾನೇ ಕೆಳಗಿಳಿಸಿದೆ. ಗಲ್ಲಿಯ ಬಾಯಲ್ಲಿ ಆಟೋ ನಿಲ್ಲಿಸಿ ಒಳಗಿಟ್ಟೆ. “ಆಂಟಿಗೆ ಹೇಳಿ, ಫೋನ್ ಮಾಡ್ತೀನಿ” ಎಂದಳು. “ಚಲೋ ಭಯ್ಯಾ” ಎಂದು ಆಟೋದವನಿಗೆ ಹೇಳಿದಳು.

ಪ್ರೊಫೆಸರ್ ತಾವಂದಂತೆ ಬರೆದರು. ತಪ್ಪು ಯಾರದು ಎಂದು ಈಗ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರೆಲ್ಲರೆದುರು ನಾನು ಹೇಳಿಯೂ ಆಯಿತು, ತಲೆ ತಗ್ಗಿಸಿಯೂ ಆಯಿತು. ಅವರಿಗೆ ಹೇಳದೆ ಉಳಿಸಿಕೊಂಡ ಒಂದೇ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಭಯಪಟ್ಟದ್ದು ಸುಳ್ಳಲ್ಲ. ಆ ಎರಡು ತಿಂಗಳಲ್ಲಿ ಯಾವ ದಿನ ಬಂದು ಕೇಳಿದ್ದರೂ, ಅವಳ ಮುಖ ನೋಡಿಕೊಂಡೇ ನಾನು ‘ಇಲ್ಲಮ್ಮಾ’ ಎನ್ನುತ್ತಿದ್ದೆ.